ತ್ರಿಕೋನ ಜಗಳಕ್ಕೆ ನಿಂತಾಗ

ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಊಟ ಆರ್ಡರ್ ಮಾಡಿದವರು ಮೊಬೈಲ್ ನಕ್ಷೆಯ ಮೇಲೆ ಸರಿಯುವ ಪುಟ್ಟ ಗುರುತನ್ನೇ ನೋಡುತ್ತ ಕೂರುತ್ತಾರೆ. ಅದು ತಿರುವು ಬಿಟ್ಟು ಮುಂದೆ ಹೋದರೆ ‘ದಾರಿ ತಪ್ಯಾನ’, ನಿಂತರೆ ‘ಯಾರಿಗೋ ಕೇಳ್ಲಾಕತ್ತಾನ’. ಆ ಚುಕ್ಕೆಯ ಹಿಂದೆ ನಿಜಕ್ಕೂ ಒಬ್ಬ ಮನುಷ್ಯನಿದ್ದಾನೆ. ಯಾರೂ ಇಲ್ಲದಾಗಲೂ ನಾವು ಹೀಗೆಯೇ ನೋಡುತ್ತೇವೆಂದು 1944ರಲ್ಲಿ ತೋರಿಸಿದವರು ಮನೋವಿಜ್ಞಾನಿಗಳಾದ ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್.

ಅಮೆರಿಕದ ಸ್ಮಿತ್ ಕಾಲೇಜಿನಲ್ಲಿ ಅವರು ತೋರಿಸಿದ್ದು ಸುಮಾರು ಎರಡೂವರೆ ನಿಮಿಷದ ಮೂಕಿ ಚಿತ್ರ. ಎರಡು ತ್ರಿಕೋನ, ಒಂದು ವೃತ್ತ, ಬಾಗಿಲಿರುವ ಒಂದು ಚೌಕಟ್ಟು, ಇಷ್ಟೇ. ನೋಡಿದ್ದನ್ನು ಬರೆಯಿರಿ ಎಂದರೆ 34 ವಿದ್ಯಾರ್ಥಿನಿಯರಲ್ಲಿ ಒಬ್ಬಳು ಮಾತ್ರ ಆಕೃತಿಗಳ ಚಲನೆ ಬರೆದಳು. ಮಿಕ್ಕವರೆಲ್ಲ ಜೀವಿಗಳ ವರ್ತನೆ ಬರೆದರು, ಹೆಚ್ಚಿನವರು ಮನುಷ್ಯರದೇ.

ಇದು ಕಣ್ಣಿನ ಕೆಲಸವೋ, ಬುದ್ಧಿ ಆಮೇಲೆ ಕಟ್ಟಿದ ಕಥೆಯೋ? ಬೆಲ್ಜಿಯಂನ ಆಲ್ಬರ್ಟ್ ಮಿಶೋತ್ 1946ರ ಪುಸ್ತಕದಲ್ಲಿ ಕಣ್ಣಿನ ಪರ ನಿಂತರು. ಒಂದು ಚೌಕ ಇನ್ನೊಂದನ್ನು ತಾಕಿದ ಕೂಡಲೇ ಆ ಇನ್ನೊಂದು ಹೊರಟರೆ ‘ತಳ್ಳಿತು’ ಎಂದೇ ಕಾಣುತ್ತದೆ. ತುಸು ತಡವಾದರೆ ಹಾಗೆ ಕಾಣುವುದಿಲ್ಲ. 2000ದಲ್ಲಿ ಟ್ರೆಮುಲೆ ಮತ್ತು ಫೆಲ್ಡ್‌ಮನ್ ಒಂಟಿ ಚುಕ್ಕೆ ದಿಕ್ಕನ್ನೂ ವೇಗವನ್ನೂ ಬದಲಿಸಿದರೆ ಸಾಕು, ಜೀವವಿರುವಂತೆ ತೋರುತ್ತದೆಂದರು. 2009ರಲ್ಲಿ ಗಾವೊ, ನ್ಯೂಮನ್, ಶಾಲ್ ಚುಕ್ಕೆಗಳ ಗುಂಪಿನೊಳಗೆ ಒಂದನ್ನು ತೋಳ, ಒಂದನ್ನು ಕುರಿ ಮಾಡಿದರು. ತೋಳದ ಹಾದಿ ಕುರಿಯ ದಿಕ್ಕಿನಿಂದ ಹೆಚ್ಚು ಹೆಚ್ಚು ವಾಲಿದಂತೆ ಬೆನ್ನಟ್ಟುವಿಕೆ ಗುರುತಿಸುವುದು ಕಷ್ಟವಾಯಿತು. ನನ್ನ ಅಭಿಪ್ರಾಯದಲ್ಲಿ ಇಡೀ ಕ್ಷೇತ್ರದ ಗಟ್ಟಿ ಕೆಲಸ ಇದು: ಅನಿಸಿಕೆಯನ್ನು ಅಳತೆಗೆ ತಂದಿತು. ಬೆನ್ನಟ್ಟುವುದು ಕಣ್ಣಿಗೆ ಕಾಣುತ್ತದೆ. ‘ಬೆನ್ನಟ್ಟುವವನು ಪುಂಡ’ ಎಂಬುದು ನಾವು ಸೇರಿಸಿದ್ದು.

ಶಿಶುಗಳ ಮೇಲಿನ ಸಂಶೋಧನೆ ಅಷ್ಟು ಗಟ್ಟಿಯಲ್ಲ. ಗುಡ್ಡ ಹತ್ತುವ ಆಕೃತಿಗೆ ನೆರವಾದದ್ದನ್ನೇ 6 ಮತ್ತು 10 ತಿಂಗಳ ಕೂಸುಗಳು ಆರಿಸಿದವೆಂದು 2007ರ ವರದಿ. ಸಾವಿರಕ್ಕೂ ಹೆಚ್ಚು ಶಿಶುಗಳ ಮೇಲೆ ಅದನ್ನು ಮರಳಿ ಮಾಡಿ 2024ರಲ್ಲಿ ಪ್ರಕಟಿಸಿದ ಜಂಟಿ ಅಧ್ಯಯನದಲ್ಲಿ ಆ ಒಲವು ಕಾಣಲಿಲ್ಲ.

ಹೈಡರ್–ಸಿಮ್ಮೆಲ್ ಬಗೆಯ ಚಿತ್ರಗಳನ್ನು 2000ದಲ್ಲಿ ಲಂಡನ್ನಿನಲ್ಲಿ ಆಟಿಸಂ ಇರುವ ಮಕ್ಕಳಿಗೆ ತೋರಿಸಿದರು. ಅವರೂ ತ್ರಿಕೋನಗಳ ಮನಸ್ಸಿನ ಮಾತಾಡಿದರು, ಆದರೆ ಅದು ಹಲವು ಸಲ ಚಿತ್ರಕ್ಕೆ ಹೊಂದಲಿಲ್ಲ. ಅಂದರೆ ಚಿತ್ರ ಮೂಕಿಯಾದರೂ ಪರೀಕ್ಷೆ ಮೂಕಿಯಲ್ಲ. ಮಗುವಿನ ಮಾತಿಗೇ ಅಂಕ ಬೀಳುತ್ತದೆ.

ಇಲ್ಲಿ ಕನ್ನಡಕ್ಕೆ ಕೆಲಸವಿದೆ. ಅದಕ್ಕೆ ನೆಲೆಯೂ ಇದೆ: ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿ 1924ರಲ್ಲೇ ಮನೋವಿಜ್ಞಾನ ವಿಭಾಗ ಕಟ್ಟಿದರು. ಭಾರತದ ಸನ್ನಿವೇಶಕ್ಕೆ ಒಗ್ಗುವ ಸಾಮಾಜಿಕ ಗ್ರಹಿಕೆಯ ಪರೀಕ್ಷೆಗಳನ್ನು ಬೆಂಗಳೂರಿನ ನಿಮ್ಹಾನ್ಸ್ 2011ರಲ್ಲಿ ಪ್ರಕಟಿಸಿತು. ಮಾತಿಗೇ ಅಂಕವೆಂದ ಮೇಲೆ ನುಡಿಯ ರೂಪವೂ ಮುಖ್ಯ: ತ್ರಿಕೋನ ಹೊರಟಾಗ ಕಲಬುರಗಿಯವರು ‘ಹೊಂಟಾನ’ ಎನ್ನಬೇಕು, ಇಲ್ಲವೇ ‘ಹೊಂಟದ’. ಕ್ರಿಯಾಪದದ ತುದಿಯೇ ನೋಡಿದವರ ಗ್ರಹಿಕೆಯ ಸುಳಿವು ಕೊಡುತ್ತದೆ. ಕೂಸಿಗೂ ‘ಅದು’ ಎನ್ನುವ ನಾಡಿನಲ್ಲಿ ಅಷ್ಟರಿಂದಲೇ ತೀರ್ಮಾನಿಸಲಾಗದು, ನಿಜ. ಆದ್ದರಿಂದಲೇ ಗುಲಬರ್ಗಾ ವಿಶ್ವವಿದ್ಯಾಲಯದ ಅಧ್ಯಾಪಕರು, ವಿದ್ಯಾರ್ಥಿಗಳು ಹೈಡರ್–ಸಿಮ್ಮೆಲ್ ಚಿತ್ರವನ್ನು ಖೂಬಾ ಪ್ಲಾಟಿನಲ್ಲೂ ಕಮಲಾಪುರದಲ್ಲೂ ತೋರಿಸಿ, ಜನರ ಉತ್ತರಗಳನ್ನು ಗ್ರಾಂಥಿಕ ಕನ್ನಡಕ್ಕೆ ತಿದ್ದದೆ ಆಡಿದಂತೆಯೇ ಬರೆದುಕೊಳ್ಳಬೇಕು.