ಈಚಲ ಮರದ ಸಿಹಿ ಮುಖ

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡವೆಂದೇ ತಿಳಿಯುತ್ತಾರೆ ಎಂಬುದು ಹಳೆಯ ಗಾದೆ. ಈ ಮರಕ್ಕೆ ಅಂಟಿದ ಕೆಟ್ಟ ಹೆಸರು ಎಷ್ಟು ಗಟ್ಟಿಯೆಂದರೆ, ಅದರ ರಸದಿಂದ ಸೊಗಸಾದ ಬೆಲ್ಲವೂ ಆಗುತ್ತದೆ ಎಂಬುದೇ ನಮ್ಮಲ್ಲಿ ಹೆಚ್ಚಿನವರಿಗೆ ಮರೆತುಹೋಗಿದೆ.

ಚಳಿಗಾಲದಲ್ಲಿ ದಕ್ಷಿಣ ಬೆಂಗಳೂರಿನ ಬಂಗಾಳಿ ಮಿಠಾಯಿ ಅಂಗಡಿಗಳಿಗೆ ಬರುವ ‘ನೊಲೆನ್ ಗುಡ್’ ಈಚಲ ರಸದ ಬೆಲ್ಲವೇ. ಜಯನಗರದ ದೊಡ್ಡ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುವ ಮೇಪಲ್ ಪಾಕವೂ ಮರದ ರಸ ಕಾಯಿಸಿ ಮಾಡಿದ್ದೇ. ಕೆನಡಾದ ಮೇಪಲ್ ರಸದಲ್ಲಿ ಸಕ್ಕರೆಯ ಅಂಶ ಸುಮಾರು ಶೇ 2 ಮಾತ್ರ. ಒಂದು ಲೀಟರ್ ಪಾಕಕ್ಕೆ 40 ಲೀಟರಿನಷ್ಟು ರಸ ಬೇಕು. ಈಚಲ ರಸ ಅದಕ್ಕಿಂತ ಎಷ್ಟೋ ಸಿಹಿ. ಎಂಟು-ಹತ್ತು ಲೀಟರಿಗೆ ಒಂದು ಕಿಲೋ ಬೆಲ್ಲ ಬರುತ್ತದೆ.

ರಸ ಇಳಿಸುವುದು ನಾಜೂಕಿನ ಕೆಲಸ. ಮರದ ತುದಿಯಲ್ಲಿ ಒಂದು ಬದಿಯ ಗರಿ ಸವರಿ, ಎಳೆಯ ಕಾಂಡವನ್ನು ತೆಳುವಾಗಿ ಕೆತ್ತಿ, ಸಂಜೆ ಮಡಕೆ ಕಟ್ಟುತ್ತಾರೆ. ಸೂರ್ಯ ಏರುವ ಮುನ್ನ ಇಳಿಸಿದರೆ ಅದು ಸಿಹಿಯಾದ ನೀರಾ. ತಡವಾದರೆ ಹುಳಿತು ಹೆಂಡ. ಹುಳಿಯದಿರಲಿ ಎಂದೇ ಮಡಕೆಯ ಒಳಗೆ ಸುಣ್ಣ ಬಳಿಯುವುದುಂಟು. ಬೆಲ್ಲಕ್ಕೂ ಹೆಂಡಕ್ಕೂ ನಡುವಿನ ಅಂತರ ಕೆಲವೇ ಗಂಟೆ.

ಬಂಗಾಳ ಈ ಮರದಲ್ಲಿ ಬೆಲ್ಲ ಕಂಡರೆ, ಮೈಸೂರು ಸೀಮೆಯ ಆಡಳಿತ ಕಂಡದ್ದು ವರಮಾನ. ಹೆಂಡ ಇಳಿಸುವುದು ಈಡಿಗರ ಕುಲಕಸುಬಾಗಿತ್ತು. ಮಾರಾಟದ ಹಕ್ಕು ಗುತ್ತಿಗೆಗೆ ಹೋಗುತ್ತಿತ್ತು. ಅಬಕಾರಿ ಕಾನೂನಿನ ಕಣ್ಣಿಗೆ ಹುಳಿತ ರಸವೂ ಹುಳಿಯದ ರಸವೂ ಬಹುಕಾಲ ಒಂದೇ ಆಗಿದ್ದವು. ಹೀಗಾಗಿ ಬೆಲ್ಲ ಕಾಯಿಸುವವನೂ ಅಬಕಾರಿಗೆ ಅಂಜಬೇಕಿತ್ತು.

ಈ ಮರಗಳನ್ನು ಬೆಲ್ಲದ ಕಡೆ ತಿರುಗಿಸಬೇಕೆಂದು ವಾದಿಸಿದವರು ಗಾಂಧೀಜಿ. 1934ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ತಾಳೆ-ಈಚಲ ಬೆಲ್ಲವನ್ನು ಕೈಗೆತ್ತಿಕೊಂಡಿತು. 1957ರ ನಂತರ ಆ ಹೊಣೆ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ್ದಾಯಿತು. ಆದರೆ ಬಯಲುಸೀಮೆಯಲ್ಲಿ ಬೆಲ್ಲದ ಕಸುಬು ಬೇರೂರಲಿಲ್ಲ. 2000ದ ದಶಕದಲ್ಲಿ ಕರಾವಳಿ ಬಿಟ್ಟು ರಾಜ್ಯದ ಹೆಚ್ಚಿನ ಕಡೆ ಹೆಂಡ ನಿಷೇಧವಾದಾಗ, ಮರ ಏರುವವನ ಜೀವನೋಪಾಯಕ್ಕೂ ಕುತ್ತು ಬಂತು.

ಈಚೆಗೆ ಅದೃಷ್ಟ ತೆರೆದಿರುವುದು ತೆಂಗಿಗೆ. ರಸ ಹುಳಿಯದಂತೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಹಿಡಿಯುವ ವಿಧಾನವನ್ನು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿತು. ಅದಕ್ಕೆ ‘ಕಲ್ಪರಸ’ ಎಂಬ ಹೆಸರೂ ಬಂತು. ತೆಂಗಿನ ನೀರಾ ಇಳಿಸಲು ಕರ್ನಾಟಕವೂ ಕಳೆದ ದಶಕದಲ್ಲಿ ನಿಯಮ ಸಡಿಲಿಸಿತು. ಈಚಲು ಮಾತ್ರ ನಮ್ಮ ಪಾಲಿಗೆ ಇನ್ನೂ ಪೊರಕೆ, ಚಾಪೆಯ ಮರ. ಅದರ ಬೆಲ್ಲ ಬೇಕಾದರೆ ಬೆಂಗಳೂರಿಗರು ಬಂಗಾಳದ ದಾರಿಯನ್ನೇ ಕಾಯಬೇಕು.