ಮನೆವಾರ್ತೆಯ ಲೆಕ್ಕ

ಕುಟುಂಬಕ್ಕೆ ಬರುವ ಹಣವನ್ನೂ ಅದು ಖರ್ಚಾಗುವ ಬಾಬ್ತುಗಳನ್ನೂ ಬರೆದಿಟ್ಟು, ಮುಂದಿನ ಖರ್ಚಿಗೆ ಮೊದಲೇ ಮಿತಿ ಗೊತ್ತುಮಾಡಿಕೊಳ್ಳುವ ಕ್ರಮ. ಆದ ಖರ್ಚನ್ನು ಬರೆಯುವ ಭಾಗಕ್ಕೆ ಜಮಾಖರ್ಚು ಎಂದೂ ಮಿತಿ ಹಾಕುವ ಭಾಗಕ್ಕೆ ಬಜೆಟ್ ಎಂದೂ ರೂಢಿಯ ಹೆಸರು. ಹೆಚ್ಚಿನ ಮನೆಗಳು ಇದನ್ನು ತಿಂಗಳಿನ ಲೆಕ್ಕದಲ್ಲೇ ಇಡುತ್ತವೆ. ಸಂಬಳ ಬರುವುದು ತಿಂಗಳಿಗೊಮ್ಮೆ. ವೇತನದ ಅವಧಿ ಒಂದು ತಿಂಗಳು ಮೀರಕೂಡದೆಂದು 1936ರ ವೇತನ ಪಾವತಿ ಕಾಯ್ದೆಯೇ ವಿಧಿಸಿತ್ತು. ಬಾಡಿಗೆ, ಕರೆಂಟ್ ಬಿಲ್, ಸಾಲದ ಕಂತುಗಳೂ ಅದಕ್ಕೇ ಹೊಂದಿಕೊಂಡಿವೆ. ಆದರೆ ಎಲ್ಲ ಖರ್ಚೂ ತಿಂಗಳಿನ ಅಳತೆಗೆ ಸಿಗುವುದಿಲ್ಲ, ಎಲ್ಲರ ಆದಾಯವೂ ತಿಂಗಳಿಗೊಮ್ಮೆ ಬರುವುದಿಲ್ಲ. ಬಜೆಟ್ ಹಾಕಿಕೊಂಡೂ ಕೈಸಾಲಕ್ಕೆ ಇಳಿಯುವ ಮನೆಗಳಲ್ಲಿ ದುಂದುಗಾರಿಕೆಗಿಂತ ಈ ಹೊಂದಿಕೆಯಾಗದ ಅವಧಿಗಳೇ ಹೆಚ್ಚು ತೊಂದರೆ ಕೊಡುತ್ತವೆ.

ಕರ್ನಾಟಕದಲ್ಲಿ ಲೆಕ್ಕ ಬರೆಯುವ ರೂಢಿ ಹಳೆಯದು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು, ಒಣಗಿಸಿ, ಪದರಪದರವಾಗಿ ಮಡಿಸಿದ ಕಡತದಲ್ಲಿ ವ್ಯಾಪಾರಿಗಳು ಬಳಪದಿಂದ ಬರೆಯುತ್ತಿದ್ದರು. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಮನೆಯ ಖರ್ಚಿನ ಲೆಕ್ಕ ಮಾತ್ರ ಒಂದು ಪುಸ್ತಕದಲ್ಲಿ ಸೇರಿದ್ದು ಕಡಿಮೆ. ದಿನಸಿಯ ಬಾಕಿ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿರುತ್ತದೆ. ವರ್ತನೆ ಹಾಲಿನ ಲೆಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ: ಹಾಲು ಬಾರದ ದಿನಕ್ಕೆ ಒಂದು ಸೊನ್ನೆ, ಹೆಚ್ಚು ತಗೊಂಡ ದಿನಕ್ಕೆ ಅರ್ಧ, ಒಂದು ಎಂಬ ಅಂಕಿ. ಮದುವೆಮನೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರೆಂದು ಬರೆದ ನೋಟ್‌ಬುಕ್ ಬೀರುವಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಏಕೆಂದರೆ ಅವರ ಮನೆಯ ಶುಭಕಾರ್ಯಕ್ಕೆ ಅದನ್ನು ತಿರುಗಿ ಮಾಡಬೇಕು. ಮುಯ್ಯಿ ಪುಸ್ತಕವನ್ನು ಬರಲಿರುವ ಖರ್ಚಿನ ಪಟ್ಟಿ ಎಂದೇ ಓದಬೇಕು. ಮನೆವಾರ್ತೆಯ ಬಜೆಟ್ ಎಂದರೆ ಹೀಗೆ ಚದುರಿದ ಲೆಕ್ಕಗಳನ್ನು ಒಂದೆಡೆ ತರುವುದು.

ಕುಟುಂಬಗಳ ಖರ್ಚನ್ನು ಅಂಕಿಅಂಶವಾಗಿ ನೋಡುವ ಅಧ್ಯಯನ ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಬೆಳೆಯಿತು. ಸ್ಯಾಕ್ಸನಿಯ ಅಂಕಿಅಂಶ ತಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲಿ ಬೆಲ್ಜಿಯಂನ ದುಡಿಯುವ ಕುಟುಂಬಗಳ ಲೆಕ್ಕಗಳನ್ನು ಪರಿಶೀಲಿಸಿ, ಬಡತನ ಹೆಚ್ಚಿದಷ್ಟೂ ಒಟ್ಟು ಖರ್ಚಿನಲ್ಲಿ ಆಹಾರದ ಪಾಲು ಹೆಚ್ಚುತ್ತದೆಂದು ತೋರಿಸಿದ. ಭಾರತದಲ್ಲಿ ರಾಷ್ಟ್ರೀಯ ಅಂಕಿಅಂಶ ಕಚೇರಿ ನಡೆಸಿದ 2023-24ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ತಲಾ ಮಾಸಿಕ ಖರ್ಚು ಹಳ್ಳಿಗಳಲ್ಲಿ ಸರಾಸರಿ 4,122 ರೂಪಾಯಿ, ಪಟ್ಟಣಗಳಲ್ಲಿ 6,996 ರೂಪಾಯಿ. ಅದರಲ್ಲಿ ಆಹಾರದ ಪಾಲು ಕ್ರಮವಾಗಿ ಸುಮಾರು ಶೇ 47 ಮತ್ತು ಶೇ 40.

ಈ ಸಮೀಕ್ಷೆ ಪ್ರಶ್ನೆ ಕೇಳುವ ಬಗೆಯನ್ನು ಮನೆಯವರು ಗಮನಿಸಬೇಕು. ತರಕಾರಿ, ಹಣ್ಣು, ಮೊಟ್ಟೆ, ಮೀನು, ಮಾಂಸದ ಖರ್ಚನ್ನು ಹಿಂದಿನ 7 ದಿನಕ್ಕೆ ಕೇಳುತ್ತಾರೆ. ಅಕ್ಕಿ, ಬೇಳೆಯಂಥವನ್ನು 30 ದಿನಕ್ಕೆ. ಬಟ್ಟೆ, ಚಪ್ಪಲಿ, ಶಾಲೆಯ ಖರ್ಚು, ಆಸ್ಪತ್ರೆ ಸೇರಿದ ಖರ್ಚು, ಫ್ರಿಜ್ಜು ಬೈಕುಗಳನ್ನು 365 ದಿನಕ್ಕೆ. ವಾರದ ಮೇಲೆ ಯಾರಿಗೂ ಸೊಪ್ಪಿನ ಲೆಕ್ಕ ನೆನಪಿರುವುದಿಲ್ಲ. ಬಟ್ಟೆಯ ಖರ್ಚನ್ನು ಒಂದೇ ತಿಂಗಳಿಗೆ ಕೇಳಿದರೆ ಹಬ್ಬದ ತಿಂಗಳಲ್ಲಿ ವಿಪರೀತವಾಗಿಯೂ ಬೇರೆ ತಿಂಗಳಲ್ಲಿ ಸೊನ್ನೆಯಾಗಿಯೂ ಕಾಣುತ್ತದೆ. ಮನೆಯ ಬಜೆಟ್ಟಿಗೂ ಇದೇ ವಿಂಗಡಣೆ ಬೇಕು.

ಒಂದು ಮಾದರಿ ಲೆಕ್ಕ ನೋಡಬಹುದು. ಕೈಗೆ ಬರುವ ಸಂಬಳ 40,000 ರೂಪಾಯಿ. ಬಾಡಿಗೆ 9,000, ದಿನಸಿ 6,000, ಹಾಲು ಮೊಸರು 2,200, ತರಕಾರಿ ಹಣ್ಣು 3,000, ಗ್ಯಾಸು ಕರೆಂಟು ನೀರು 1,800, ಫೋನು 1,000, ಪೆಟ್ರೋಲು ಬಸ್ಸು 3,000, ಊರಲ್ಲಿರುವ ತಂದೆತಾಯಿಗೆ 4,000. ಒಟ್ಟು 30,000; ಕಾಗದದ ಮೇಲೆ 10,000 ಉಳಿತಾಯ. ಈಗ ವರ್ಷದ ಖರ್ಚು ಬರೆಯಬೇಕು. ಶಾಲೆಯ ಫೀಜು, ಪುಸ್ತಕ, ಸಮವಸ್ತ್ರಕ್ಕೆ 36,000, ವಿಮೆ 18,000, ಯುಗಾದಿ ಗೌರಿಗಣೇಶ ದೀಪಾವಳಿಯ ಹಬ್ಬಕ್ಕೂ ಬಟ್ಟೆಗೂ 24,000, ಮದುವೆ ಮುಂಜಿ ಗೃಹಪ್ರವೇಶಗಳ ಮುಯ್ಯಿ ಮತ್ತು ಓಡಾಟಕ್ಕೆ 12,000, ಗಾಡಿ ರಿಪೇರಿಗೆ 6,000. ಒಟ್ಟು 96,000, ತಿಂಗಳಿಗೆ 8,000. ನಿಜವಾಗಿ ಉಳಿಯುವುದು 2,000 ಮಾತ್ರ. ಹತ್ತು ಸಾವಿರ ಉಳಿಯುತ್ತದೆಂದು ನಂಬಿ ಹೊಸ ಕಂತೊಂದನ್ನು ತಲೆಗೆ ಹಾಕಿಕೊಂಡ ಮನೆ ಶಾಲೆ ಶುರುವಾಗುವ ಹೊತ್ತಿಗೆ ಒಡವೆ ಅಡ ಇಡಬೇಕಾಗುತ್ತದೆ. ಆ 8,000ವನ್ನು ಸಂಬಳ ಬಂದ ದಿನವೇ ಬೇರೆ ಉಳಿತಾಯ ಖಾತೆಗೋ ಆವರ್ತ ಠೇವಣಿಗೋ ಹಾಕಿ, ಫೀಜು ಕಟ್ಟುವ ದಿನ ಅಲ್ಲಿಂದ ತೆಗೆಯುವುದು ಬಜೆಟ್ ನಿಲ್ಲಲು ಇರುವ ಉಪಾಯಗಳಲ್ಲೆಲ್ಲ ಗಟ್ಟಿಯಾದದ್ದು.

ಸಂಬಳವಿಲ್ಲದ ಮನೆಗಳಿಗೆ ಲೆಕ್ಕ ಇನ್ನೊಂದು ರೀತಿ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ದೊಡ್ಡ ಹಣ ಬರುವುದು ಕೊಯ್ಲು, ಸುಲಿತ, ಒಣಗಿಸುವಿಕೆ ಮುಗಿದು ಮಾಲು ಮಾರಿದಾಗ. ಉಳಿದ ತಿಂಗಳುಗಳಲ್ಲಿ ಶಿರಸಿಯ ತೋಟಗಾರ್ಸ್ ಸೊಸೈಟಿಯಂಥ ಸಹಕಾರಿ ಸಂಘಗಳಲ್ಲಿನ ಖಾತೆಯ ಮೇಲೆ ಮನೆ ನಡೆಯುವುದುಂಟು. ಇಲ್ಲಿ ವರ್ಷದ ಹಣವನ್ನು ಹನ್ನೆರಡಕ್ಕೆ ಭಾಗಿಸಿ, ತಿಂಗಳಿಗೆ ಇಷ್ಟೇ ಎಂದು ತಾವೇ ತಮಗೆ ಸಂಬಳ ಗೊತ್ತುಮಾಡಿಕೊಳ್ಳಬೇಕು. ಹೈನುಗಾರಿಕೆಯ ಮನೆಗೆ ಡೇರಿಯ ಬಟವಾಡೆ ವಾರಕ್ಕೋ ಹದಿನೈದು ದಿನಕ್ಕೋ ಆಗುವುದರಿಂದ ಅವರ ಪುಟವೂ ಅಷ್ಟೇ ದಿನಗಳದ್ದಾಗಿರುವುದು ಒಳ್ಳೆಯದು. ದಿನಗೂಲಿಯವರಿಗೆ ಸಂತೆಯಿಂದ ಸಂತೆಗೆ ಲೆಕ್ಕ ಹಾಕುವುದೇ ಸರಿ. ಇಂಥ ಮನೆಗಳಿಗೆ ಸಂಬಳದಾರರ ತಿಂಗಳ ನಮೂನೆಯನ್ನು ಹೇರಿ, ಶಿಸ್ತಿಲ್ಲವೆಂದು ದೂರುವುದು ಅನ್ಯಾಯ.

ಬರೆಯುವ ಕ್ರಮಕ್ಕೆ ಹೆಸರಾದದ್ದು ಜಪಾನಿನ ಕಕೇಬೊ. ಪತ್ರಕರ್ತೆ ಹಾನಿ ಮೊತೊಕೊ 1904ರಲ್ಲಿ ಗೃಹಿಣಿಯರಿಗಾಗಿ ಪ್ರಕಟಿಸಿದ ಈ ಲೆಕ್ಕಪುಸ್ತಕದಲ್ಲಿ ಪ್ರತಿ ಬಾಬ್ತಿಗೂ ಮೊದಲೇ ಮೊತ್ತ ಗೊತ್ತುಮಾಡಿ, ಆಮೇಲೆ ದಿನದ ಖರ್ಚನ್ನು ಅದರ ಎದುರು ಬರೆಯಬೇಕು. ನಮ್ಮ ದಿನವಹಿಯಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಇದೇ: ಖರ್ಚು ಮಾತ್ರ ಬರೆದು, ಉಳಿದದ್ದೆಷ್ಟು ಎಂದು ಕಳೆಯುವುದಿಲ್ಲ. ತರಕಾರಿಯ 3,000ದಲ್ಲಿ 12ನೇ ತಾರೀಖಿಗೆ 1,700 ಮುಗಿದಿದೆ ಎಂಬುದು ಪುಟದಲ್ಲಿ ಕಂಡರೆ ಮಿಕ್ಕ ದಿನ ಹೇಗೆ ನಡೆಸಬೇಕೆಂದು ಯೋಚಿಸಲು ಸಮಯವಿರುತ್ತದೆ. ಮೂವತ್ತರಂದು ಕೂಡಿಸಿ ನೋಡಿದರೆ ಬೇಜಾರೊಂದೇ ಸಿಗುವುದು. ಬಾಬ್ತುಗಳು ಎಂಟು ಹತ್ತಕ್ಕಿಂತ ಹೆಚ್ಚಾಗಬಾರದು. ಕೊತ್ತಂಬರಿಗೊಂದು ಕರಿಬೇವಿಗೊಂದು ಸಾಲು ಹಾಕುವವರು ಬಲುಬೇಗ ಬರೆಯುವುದನ್ನೇ ಬಿಡುತ್ತಾರೆ. ‘ಇತರೆ’ ಎಂಬ ಸಾಲು ಬೇಕು, ಆದರೆ ಅದೇ ದಿನಸಿಯಷ್ಟು ದಪ್ಪವಾದರೆ ಒಳಗೇನಿದೆ ಎಂದು ಬಿಡಿಸಿ ನೋಡಲೇಬೇಕು.

2016ರಲ್ಲಿ ಯುಪಿಐ ಬಂದ ಮೇಲೆ ಚಿಲ್ಲರೆ ಖರ್ಚೂ ಫೋನಿನಲ್ಲಿ ದಾಖಲಾಗುತ್ತಿದೆ. ದಾಖಲಾಗುವುದು ಯಾರಿಗೆ, ಎಷ್ಟು ಎಂಬುದು, ಯಾತಕ್ಕೆ ಎಂಬುದಲ್ಲ. ಅಂಗಡಿಯವರ ಹೆಸರಿನ ಎದುರು 340 ರೂಪಾಯಿ ಎಂದಷ್ಟೇ ಇದ್ದರೆ ಅದು ಎಣ್ಣೆಗೋ ಮಕ್ಕಳ ಚಾಕಲೇಟಿಗೋ ತಿಳಿಯುವುದಿಲ್ಲ. ರಾತ್ರಿ ಊಟವಾದ ಮೇಲೆ ಆ ದಿನದ ಪಾವತಿಗಳನ್ನು ನೋಡಿ ಬಾಬ್ತು ಬರೆದರೆ ಐದು ನಿಮಿಷದ ಕೆಲಸ. ಕ್ರೆಡಿಟ್ ಕಾರ್ಡಿನ ಖರ್ಚನ್ನು ಬಿಲ್ ಕಟ್ಟಿದ ದಿನಕ್ಕೆ ಬರೆಯದೆ, ಕೊಂಡ ದಿನಕ್ಕೇ ಬರೆಯಬೇಕು.

ಲೆಕ್ಕ ಒಬ್ಬರ ಕೈಯಲ್ಲಿದ್ದು ಖರ್ಚು ಇನ್ನೊಬ್ಬರ ಕೈಯಲ್ಲಿದ್ದರೆ ಪುಸ್ತಕ ಜಗಳದ ಸಾಕ್ಷಿಯಾಗುತ್ತದೆ. ಮಿತಿ ಹಾಕುವಾಗ ಗಂಡ ಹೆಂಡತಿ ಇಬ್ಬರೂ ಕೂರಬೇಕು. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರೂ. ಪ್ರತಿಯೊಬ್ಬರಿಗೂ ಲೆಕ್ಕ ಕೊಡಬೇಕಿಲ್ಲದ ಸ್ವಲ್ಪ ಕೈಖರ್ಚು ಇರಬೇಕು. ಕರ್ನಾಟಕದ ಗೃಹಲಕ್ಷ್ಮಿ ಯೋಜನೆಗೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ದೊರೆತ ಮೇಲೆ, ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿಯ ಲೆಕ್ಕದಲ್ಲಿ ಹಣ ಬರುತ್ತಿದೆ. ಅದು ಪ್ರತಿ ತಿಂಗಳೂ ಒಂದೇ ತಾರೀಖಿಗೆ ಬೀಳದ ಕಾರಣ ಬಾಡಿಗೆಯಂಥ ತಪ್ಪಿಸಲಾಗದ ಖರ್ಚಿಗೆ ಗಂಟುಹಾಕದೆ, ಬಂದಾಗ ವರ್ಷದ ಖರ್ಚಿನ ಖಾತೆಗೆ ಸೇರಿಸುವುದು ಲೇಸು.

ವರ್ಷದ ಖರ್ಚಿಗೆ ಹಣ ಕೂಡಿಸಲು ಬಳಕೆಯಲ್ಲಿರುವ ಇನ್ನೊಂದು ದಾರಿ ಚೀಟಿ. ಇಪ್ಪತ್ತು ಮಂದಿ ತಿಂಗಳಿಗೆ 5,000 ಕಟ್ಟಿದರೆ ಒಂದು ಲಕ್ಷವಾಗುತ್ತದೆ. ಹೆಚ್ಚು ಬಿಟ್ಟುಕೊಡಲು ಒಪ್ಪಿ ಹರಾಜಿನಲ್ಲಿ ಕೂಗಿದವರಿಗೆ ಆ ತಿಂಗಳ ಹಣ, ಬಿಟ್ಟ ಮೊತ್ತ ಕಮಿಷನ್ ಕಳೆದು ಎಲ್ಲರಿಗೂ ಹಂಚಿಕೆ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿಸಿದ ಚೀಟಿಗಳಿವೆ, ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ನಡೆಸುತ್ತದೆ. ಬೀದಿಯಲ್ಲಿ ಪರಿಚಯದ ಮೇಲೆ ನಡೆಯುವ ನೋಂದಣಿಯಿಲ್ಲದ ಚೀಟಿಯಲ್ಲಿ ನಡೆಸುವವರು ಕೈಯೆತ್ತಿದರೆ ಶಾಲೆಯ ಫೀಜಿಗೆಂದು ಕಟ್ಟಿದ ಹಣ ಹಿಂದಿರುಗುವುದು ಬಹಳ ಕಷ್ಟ. ಬಜೆಟ್ಟಿನಲ್ಲಿ ಚೀಟಿಯ ಕಂತನ್ನು ಹಣ ಎತ್ತುವವರೆಗೆ ಉಳಿತಾಯದ ಸಾಲಿನಲ್ಲೂ ಎತ್ತಿದ ಮೇಲೆ ಸಾಲದ ಕಂತಿನ ಸಾಲಿನಲ್ಲೂ ಬರೆಯಬೇಕು.