ಕೆಪಾಸಿಟರ್ ಹೆಚ್ಚಿದ್ದಷ್ಟೂ ಸರ್ಕ್ಯೂಟ್ ಬೋರ್ಡ್ ಒಳ್ಳೆಯದೇ?

ಬೋರ್ಡಿನ ಮೇಲೆ ಕೆಪಾಸಿಟರ್ ಹೆಚ್ಚಿದ್ದಷ್ಟೂ ಗುಣಮಟ್ಟ ಹೆಚ್ಚು ಎಂಬ ಮಾತು ಅರ್ಧಸತ್ಯ. ಏಕೆಂದು ನೋಡೋಣ.

ಮೊಬೈಲ್, ಕಂಪ್ಯೂಟರ್‌ಗಳ ಬೋರ್ಡಿನೊಳಗೆ ತಾಮ್ರದ ಹಲವು ಪದರಗಳಿರುತ್ತವೆ. ಅವುಗಳಲ್ಲಿ ವಿದ್ಯುತ್ ಒದಗಿಸುವ ಪದರ ಪವರ್ ಪ್ಲೇನ್. ಅದರ ಜೋಡಿ ಗ್ರೌಂಡ್ ಪ್ಲೇನ್. ಚಿಪ್ ಥಟ್ಟನೆ ಕರೆಂಟ್ ಎಳೆದಾಗ ಇವೆರಡರ ನಡುವೆ ಅಲೆ ಎದ್ದು, ಅಂಚಿಗೆ ಬಡಿದು ಮರಳುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ, ಚಿಪ್ಪಿನ ಎಳೆತವೂ ಅಲೆಯ ಓಡಾಟವೂ ಹೊಂದಿಕೊಂಡರೆ ಕಂಪನ ಬೆಳೆಯುತ್ತದೆ. ಇದೇ ಅನುರಣನ, ಅಂದರೆ ರೆಸೊನೆನ್ಸ್.

ಸಾಮಾನ್ಯ ಎಫ್‌ಆರ್-4 ಬೋರ್ಡಿನಲ್ಲಿ ಅಲೆಯ ವೇಗ ಬೆಳಕಿನ ವೇಗದ ಸುಮಾರು ಅರ್ಧ. 10 ಸೆಂ.ಮೀ. ಉದ್ದದ ಪ್ಲೇನ್‌ನಲ್ಲಿ ಮೊದಲ ಅನುರಣನ ಸುಮಾರು 750 ಮೆಗಾಹರ್ಟ್ಸ್‌ಗೆ ಬರುತ್ತದೆ. ಆಗ ವೋಲ್ಟೇಜ್ ಏರಿಳಿದು ಚಿಪ್ ಎಡವಬಹುದು. ಬೋರ್ಡಿನ ಅಂಚಿನಿಂದ ಸೋರುವ ರೇಡಿಯೋ ಅಲೆಗಳು ಹತ್ತಿರದ ಆಂಟೆನಾಕ್ಕೂ ಅಡ್ಡಿಯಾಗಬಹುದು.

ಕೆಪಾಸಿಟರ್ ಇದನ್ನು ತಡೆಯುವುದಿಲ್ಲವೇ? ಕಡಿಮೆ ಆವರ್ತನದಲ್ಲಿ ತಡೆಯುತ್ತದೆ. ಆದರೆ ಕೆಲವು ನೂರು ಮೆಗಾಹರ್ಟ್ಸ್ ದಾಟಿದ ಮೇಲೆ ಬೋರ್ಡಿನ ಮೇಲೆ ಬೆಸುಗೆ ಹಾಕಿದ ಸಾಮಾನ್ಯ ಕೆಪಾಸಿಟರ್ ಇಂಡಕ್ಟರ್‌ನಂತೆ ವರ್ತಿಸುತ್ತದೆ. ಬೇರೆ ಬೇರೆ ಮೌಲ್ಯದವನ್ನು ಲೆಕ್ಕವಿಲ್ಲದೆ ಸೇರಿಸಿದರೆ ಅವುಗಳ ನಡುವೆಯೇ ಹೊಸ ಅನುರಣನ ಹುಟ್ಟಬಹುದು.

ನಿಯಂತ್ರಣಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ:

• ಎರಡು ಪ್ಲೇನ್‌ಗಳ ನಡುವಿನ ಅಂತರ ತೆಳುವಾಗಿಸುವುದು.
• ಕೆಪಾಸಿಟರ್‌ಗಳನ್ನು ಚಿಪ್ಪಿನ ಹತ್ತಿರ, ಗಿಡ್ಡ ಸಂಪರ್ಕದಲ್ಲಿ ಕೂರಿಸುವುದು.
• ಅಲೆಯ ಶಕ್ತಿ ಹೀರಲು ಒಂದಿಷ್ಟು ರೆಸಿಸ್ಟೆನ್ಸ್ ಉಳಿಸಿಕೊಳ್ಳುವುದು.

ಹಾಗಾಗಿ ಕೆಪಾಸಿಟರ್ ಎಣಿಸಿ ಬೋರ್ಡಿನ ಗುಣಮಟ್ಟ ಹೇಳಲಾಗದು. ಹಾಗಂತ ರಿಪೇರಿ ಮಾಡುವಾಗ “ಇದು ಹೆಚ್ಚುವರಿ” ಎಂದು ಒಂದನ್ನು ಕಿತ್ತುಹಾಕುವುದೂ ತಪ್ಪು. ಫಾರ್ವರ್ಡ್ ಮಾಡುವ ಮುನ್ನ ಈ ಎರಡೂ ಮಾತು ನೆನಪಿರಲಿ ಎನ್ನುತ್ತೇವೆ ನಾವು.